ಕೇಕಿನ ಅಜ್ಜಿ

ಬೆಂಗಳೂರಿನಿಂದ ನಾವು ಜೋಪಾನವಾಗಿ ಹೊತ್ತು ತಂದಿದ್ದ ಪ್ಲಮ್ ಕೇಕಿನ ಮೇಲೆ, ಕಲಬುರಗಿ ಇನ್ನೂ ಎರಡು ಗಂಟೆಯ ದಾರಿಯಿರುವಾಗ, ಸ್ಥೂಲಕಾಯದ ಮಹನೀಯರೊಬ್ಬರು ಕುಳಿತುಬಿಟ್ಟರು. ತಪ್ಪು ಅವರದಲ್ಲ. ಕೆಳಗಿನ ಮಣೆಯ ಮೇಲೆ ಪೊಟ್ಟಣವನ್ನಿಟ್ಟು, ಚಳಿಯಾದೀತೆಂಬಂತೆ ಅದಕ್ಕೊಂದು ಶಾಲು ಹೊದಿಸಿದವನು ನಾನು. ನಸುಗತ್ತಲಲ್ಲಿ ಅದನ್ನು ಅವರು ದಿಂಬೆಂದು ಭಾವಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಮತ್ತೆ ಮತ್ತೆ ಕ್ಷಮೆ ಕೇಳಿದರು. ನನ್ನ ಪತ್ನಿ ಮಾತ್ರ ಅವರತ್ತ ನೋಡದೆ ನನ್ನತ್ತ ನೋಡಿದಳು. ಆ ನೋಟದ ಅರ್ಥವನ್ನು ಸಂಸಾರಸ್ಥರಾದ ಓದುಗರಿಗೆ ವಿವರಿಸಬೇಕಾಗಿಲ್ಲ.

ಆ ಕೇಕು ಹೊರಟಿದ್ದುದು ಹುಮನಾಬಾದಿಗೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಮಿತ್ರರ ಮನೆ ಅಲ್ಲಿದೆ. ಕಲ್ಯಾಣವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ನನ್ನ ಬಹುದಿನದ ಹಂಬಲವನ್ನು ಬಲ್ಲ ಅವರು, “ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬನ್ನಿ, ಮರುದಿನ ಕಲ್ಯಾಣ ತೋರಿಸುತ್ತೇನೆ” ಎಂದಿದ್ದರು. ಕ್ರೈಸ್ತರ ಮನೆಗೆ ಹಬ್ಬಕ್ಕೆ ಹೋಗುವಾಗ ಕೇಕು ಒಯ್ಯುವುದು ಸಭ್ಯತೆಯೆಂದು ನಾವಿಬ್ಬರೂ ತೀರ್ಮಾನಿಸಿದೆವು. ಅದು ಅಲ್ಲಿ ಒಂದು ಚರ್ಚೆಗೆ ಕಾರಣವಾದೀತೆಂದು ನಮಗೆ ಹೊಳೆದಿರಲಿಲ್ಲ.

ಕಲಬುರಗಿಯಿಂದ ಬೀದರಿಗೆ ನೇರವಾದ ರೈಲುದಾರಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಈ ಸೀಮೆಯವರಿಗೆ ಬಸ್ಸೇ ಗತಿ. ಡಿಸೆಂಬರ್ ತಿಂಗಳಲ್ಲಿ ಈ ದಾರಿ ನೋಡಲು ಚೆಲುವಾದುದು. ಕೊಯ್ಲಿಗೆ ಬಂದ ತೊಗರಿ, ಹಸಿರುಗಟ್ಟಿದ ಕಡಲೆ, ನಡುವೆ ಎತ್ತರಕ್ಕೆ ಬೆಳೆದ ಬಿಳಿಜೋಳ, ಅಲ್ಲಲ್ಲಿ ಕಬ್ಬು. ಕಪ್ಪು ನೆಲ ಮುಗಿದು ಕೆಂಪು ಜಂಬಿಟ್ಟಿಗೆಯ ಎತ್ತರದ ಭೂಮಿ ಬಂದಿತೆಂದರೆ ಬೀದರ ಜಿಲ್ಲೆ ಬಂದಿತೆಂದು ತಿಳಿಯಬೇಕು. ಬೆಂಗಳೂರಿನ ಚಳಿಯನ್ನೇ ಚಳಿಯೆಂದು ಹೊಗಳಿಕೊಳ್ಳುವವರು ಈ ತಿಂಗಳಲ್ಲಿ ಒಮ್ಮೆ ಇಲ್ಲಿ ಬೆಳಗಿನ ಜಾವ ಎದ್ದು ನೋಡಬೇಕು.

ಹುಮನಾಬಾದು ಹೆದ್ದಾರಿಯ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳೆಲ್ಲ ಇದನ್ನು ಹಾಯ್ದೇ ಹೋಗಬೇಕು. ವೀರಭದ್ರೇಶ್ವರನ ಗುಡಿ, ಅದರ ಜನವರಿಯ ಜಾತ್ರೆ ಇಲ್ಲಿ ಪ್ರಸಿದ್ಧ. ಊರಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸಂಸ್ಥಾನವಿದೆ. ಸಕಲ ಮತಗಳೂ ಒಂದೇ ಎಂಬುದು ಅವರ ಸಂಪ್ರದಾಯ. ಅವರು ಹುಟ್ಟಿದುದು 1817ರ ದತ್ತಜಯಂತಿಯಂದು. ಹೀಗಾಗಿ ಮಾರ್ಗಶಿರದ ಹುಣ್ಣಿಮೆಗೆ ಅಲ್ಲಿ ದೊಡ್ಡ ಉತ್ಸವ. ಅದು ಮುಗಿದ ಹದಿನೈದು ದಿನಕ್ಕೆ ಈ ಸೀಮೆಯ ರೈತರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಎಳ್ಳ ಅಮಾವಾಸ್ಯೆ. ಈ ಎರಡರ ನಡುವೆಯೋ, ಹಿಂದೆಯೋ ಮುಂದೆಯೋ, ಕ್ರಿಸ್‌ಮಸ್ಸು. 2019ರಲ್ಲಂತೂ ಕ್ರಿಸ್‌ಮಸ್ಸಿನ ಮರುದಿನವೇ ಆ ಅಮಾವಾಸ್ಯೆ, ಮೇಲಾಗಿ ಸೂರ್ಯಗ್ರಹಣ. ಪಂಚಾಂಗಗಳು ಬೇರೆಯಾದರೂ ಒಲೆಗಳು ಹೊತ್ತುವ ಕಾಲ ಒಂದೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ಕತೆಗೆ ಅದು ಬೇಕಾಗುತ್ತದೆ.

ಮಿತ್ರರ ಮನೆಯ ಮಾಳಿಗೆಯ ಮೇಲೆ ಕಾಗದದ ದೊಡ್ಡ ನಕ್ಷತ್ರವೊಂದು ತೂಗುತ್ತಿತ್ತು. ಬೀದಿಯುದ್ದಕ್ಕೂ ಅಂಥವೇ ಏಳೆಂಟು. ಬೀದರ ಜಿಲ್ಲೆಯ ಕ್ರೈಸ್ತರಲ್ಲಿ ಬಹುಮಂದಿ ಮೆಥಡಿಸ್ಟ್ ಪಂಥದವರು. 19ನೆಯ ಶತಮಾನದ ಕೊನೆಯಲ್ಲಿ, ಇದು ನಿಜಾಮನ ರಾಜ್ಯವಾಗಿದ್ದಾಗ, ಅಮೆರಿಕದ ಮಿಶನರಿಗಳು ಈ ಭಾಗದಲ್ಲಿ ಸಂಚರಿಸತೊಡಗಿದರು. 1948ರಲ್ಲಿ ನಿಜಾಮನ ಆಳಿಕೆ ಹೋಯಿತು, 1956ರ ನವೆಂಬರ್ 1ರಂದು ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿತು, 1981ರಲ್ಲಿ ಇಲ್ಲಿಯ ಮೆಥಡಿಸ್ಟ್ ಸಭೆಯೂ ಅಮೆರಿಕದ ಆಡಳಿತದಿಂದ ಬಿಡಿಸಿಕೊಂಡು ಸ್ವತಂತ್ರವಾಯಿತು. ಈ ಎಲ್ಲ ಬದಲಾವಣೆಗಳ ನಡುವೆ ಅಡಿಗೆಮನೆ ಮಾತ್ರ ತನ್ನ ಪಾಡಿಗೆ ತಾನು ನಡೆದುಬಂದಿದೆ.

ಒಳಗೆ ಕಾಲಿಟ್ಟೊಡನೆ ಮಿತ್ರರ ತಾಯಿಯವರು ಹೇಳಿದ ಮೊದಲ ಮಾತು ಇದು: “ಬರ್ರಿ, ಕೂಡ್ರಿ. ನಮ್ಮ ಮನ್ಯಾಗ ಕೇಕ್ ಮಾಡೋ ರೂಢಿ ಇಲ್ರಿ. ನೀವು ತಪ್ಪು ತಿಳೀಬ್ಯಾಡ್ರಿ.”

ಎಪ್ಪತ್ತು ದಾಟಿದ ಹೆಂಗಸು, ಅತಿಥಿಗಳೆದುರು ಅಪರಾಧ ಮಾಡಿದವರಂತೆ ನಿಂತಿದ್ದರು. ನನಗೆ ಏನು ಹೇಳಲೂ ತೋಚಲಿಲ್ಲ. ಅಷ್ಟರಲ್ಲಿ ಅವರ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ, ಒಂದು ನೋಟುಪುಸ್ತಕವನ್ನು ಹಿಡಿದು ಬಂದಳು. ‘ನಮ್ಮ ಮನೆಯ ಕ್ರಿಸ್‌ಮಸ್ ಊಟ’ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಶಾಲೆಯಲ್ಲಿ ಹೇಳಿದ್ದರಂತೆ. ಹುಡುಗಿ ಬರೆದಿದ್ದಳು: ನಮ್ಮ ಮನೆಯಲ್ಲಿ ಹುರಿದ ಟರ್ಕಿ ಕೋಳಿ ಮಾಡುತ್ತೇವೆ, ಪ್ಲಮ್ ಪುಡಿಂಗ್ ಮಾಡುತ್ತೇವೆ, ಬೆಂಕಿಗೂಡಿನ ಮುಂದೆ ಕುಳಿತು ತಿನ್ನುತ್ತೇವೆ. ಅಕ್ಷರ ಮುತ್ತಿನಂತಿತ್ತು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪಿದ್ದುದು ಊಟದಲ್ಲಿ.

“ಟರ್ಕಿ ಕೋಳಿ ನೋಡಿದ್ದೀಯೇನಮ್ಮಾ?” ಎಂದು ಕೇಳಿದೆ.

“ಇಲ್ಲ. ಆದರೆ ಪುಸ್ತಕದಲ್ಲಿ ಹಾಗೆಯೇ ಇದೆಯಲ್ಲ.”

“ಮನೆಯಲ್ಲಿ ಏನು ಮಾಡುತ್ತೀರಿ?”

ಹುಡುಗಿ ಅಜ್ಜಿಯ ಮುಖ ನೋಡಿದಳು. “ಹುಗ್ಗಿ, ಕರ್ಚಿಕಾಯಿ. ಅದು ಎಲ್ಲರೂ ಎಲ್ಲಾ ಹಬ್ಬಕ್ಕೂ ಮಾಡುತ್ತಾರೆ. ಅದು ಕ್ರಿಸ್‌ಮಸ್ಸಿನದಲ್ಲ.”

ಅಜ್ಜಿಯೂ ತಲೆದೂಗಿದರು. ಅವರಿಗೂ ಅದೇ ಅಳುಕು. ಹೋಳಿಗೆ, ಹುಗ್ಗಿ, ಕಡುಬು ಇವೆಲ್ಲ ಊರವರ ಅಡಿಗೆ. ತಮ್ಮ ಹಬ್ಬಕ್ಕೆ ನಿಜವಾಗಿ ಸಲ್ಲಬೇಕಾದ ತಿನಿಸು ಬೇರೆಲ್ಲೋ ಇದೆ, ಅದು ತಮಗೆ ಮಾಡಲು ಬರುವುದಿಲ್ಲ, ಎಂದು ಒಂದು ಜೀವಮಾನವಿಡೀ ಅವರು ಅಂದುಕೊಂಡಿದ್ದರು.

ಈ ಗಳಿಗೆಯಲ್ಲಿ ನನ್ನ ಪತ್ನಿ ಸಂಕೋಚದಿಂದ ಕೇಕಿನ ಪೊಟ್ಟಣವನ್ನು ಬಿಚ್ಚಿದಳು. ಅದು ಕೇಕಾಗಿ ಉಳಿದಿರಲಿಲ್ಲ. ಕಂದು ಬಣ್ಣದ ಪುಡಿಯಾಗಿತ್ತು. ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ರುಚಿ ನೋಡಿದರು.

“ಇದು ಒಣಗಿಸಿದ ಹುಗ್ಗಿ ಇದ್ದಂಗ ಅದ ನೋಡ್ರಿ. ದ್ರಾಕ್ಷಿ ಅದ, ಜಾಜಿಕಾಯಿ ಅದ, ಬೆಲ್ಲದ ಬಣ್ಣ ಅದ. ಹಾಲೊಂದು ಇಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ಯೋಚಿಸಿದಷ್ಟೂ, ಅಡಿಗೆಯ ಇತಿಹಾಸ ಬರೆದ ಪಂಡಿತರು ಹಲವು ಪುಟಗಳಲ್ಲಿ ಹೇಳುವುದನ್ನು ಆಕೆ ಒಂದು ಚಿಟಿಕೆಯಲ್ಲಿ ಹೇಳಿಬಿಟ್ಟರೆಂದು ನನಗೆ ಮನವರಿಕೆಯಾಯಿತು.

ಗೋಧಿಯ ಗಂಜಿಯಿಂದ ಕೇಕಿನವರೆಗೆ

ಇಂಗ್ಲೆಂಡಿನ ಹಳೆಯ ಕ್ರಿಸ್‌ಮಸ್ ಭಕ್ಷ್ಯ ಕೇಕೂ ಅಲ್ಲ, ಪುಡಿಂಗೂ ಅಲ್ಲ. ಅದು ಫ್ರುಮೆಂಟಿ ಎಂಬ ಗೋಧಿಯ ಗಂಜಿ. ಧಾನ್ಯವೆಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಗೋಧಿಯನ್ನು ಕುಟ್ಟಿ ಹೊಟ್ಟು ತೆಗೆದು, ಬಿರಿಯುವಂತೆ ಬೇಯಿಸಿ, ಹಾಲು ಹೊಯ್ದು, ಸಿಹಿಯನ್ನೂ ಸಾಂಬಾರ ಜೀನಸುಗಳನ್ನೂ ಬೆರೆಸಿದರೆ ಅದೇ ಫ್ರುಮೆಂಟಿ. ಮಧ್ಯಯುಗದ ಅರಸರ ಪಂಕ್ತಿಯಲ್ಲಿ ಇದನ್ನು ಜಿಂಕೆಯ ಮಾಂಸದೊಡನೆ ಬಡಿಸುತ್ತಿದ್ದರು. ಯಾರ್ಕ್‌ಷೈರಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಇದನ್ನು ಉಣ್ಣುವ ಪದ್ಧತಿ ಬಹುಕಾಲ ಉಳಿದಿತ್ತು. ತಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ಕಾದಂಬರಿಯನ್ನು ಕಾಲೇಜಿನಲ್ಲಿ ಓದಿದವರಿಗೆ ಇದು ಅಪರಿಚಿತವಲ್ಲ. ಅದರ ನಾಯಕ ಜಾತ್ರೆಯಲ್ಲಿ ರಮ್ ಬೆರೆಸಿದ ಇದೇ ಗಂಜಿಯನ್ನು ಕುಡಿದು ಅಮಲೇರಿ ಹೆಂಡತಿಯನ್ನು ಹರಾಜು ಹಾಕುತ್ತಾನೆ. ಹಾಲು ಹಾಕಿದ ಹುಗ್ಗಿಯನ್ನುಂಡು ಯಾರೂ ಅಷ್ಟು ದೂರ ಹೋದುದನ್ನು ನಾನು ಕಂಡಿಲ್ಲ.

ಈ ಗಂಜಿಗೆ ಕ್ರಮೇಣ ಮಾಂಸದ ಸಾರು, ರೊಟ್ಟಿಯ ಚೂರು, ಒಣದ್ರಾಕ್ಷಿಗಳು ಸೇರಿ ‘ಪ್ಲಮ್ ಪಾಟೇಜ್’ ಆಯಿತು. ಇಲ್ಲಿ ಪ್ಲಮ್ ಎಂದರೆ ಪ್ಲಮ್ ಹಣ್ಣಲ್ಲ, ಒಣದ್ರಾಕ್ಷಿ. 17ನೆಯ ಶತಮಾನದಲ್ಲಿ ಹಿಟ್ಟು, ಕೊಬ್ಬು, ದ್ರಾಕ್ಷಿಗಳ ಮುದ್ದೆಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕುದಿಸುವ ಉಪಾಯ ಬಳಕೆಗೆ ಬಂದಿತು. ಹರಿಯುತ್ತಿದ್ದುದು ಉಂಡೆಯಾಯಿತು. 1843ರಲ್ಲಿ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕತೆಯಲ್ಲಿ ಬಡ ಕ್ರಾಚಿಟ್ ದಂಪತಿಗಳ ಮೇಜಿಗೆ ಬಂದ ಪುಡಿಂಗು ಇಡೀ ನಾಡಿನ ಮೇಜಿಗೆ ಬಂದಿತು. ಎರಡು ವರ್ಷಗಳ ಅನಂತರ, 1845ರಲ್ಲಿ, ಎಲೈಜಾ ಆಕ್ಟನ್ ಎಂಬ ಲೇಖಕಿ ತನ್ನ ಅಡಿಗೆಯ ಪುಸ್ತಕದಲ್ಲಿ ಅದಕ್ಕೆ ‘ಕ್ರಿಸ್‌ಮಸ್ ಪುಡಿಂಗ್’ ಎಂಬ ಹೆಸರನ್ನೇ ಕೊಟ್ಟಳು. ಇನ್ನು ಕೇಕು? ಅದು ಮೊದಲು ಕ್ರಿಸ್‌ಮಸ್ಸಿನದೇ ಅಲ್ಲ. ಜನವರಿ 6ರ ಹಬ್ಬದ ಮುನ್ನಾರಾತ್ರಿ ಕೊಯ್ಯುತ್ತಿದ್ದ ಕೇಕು, ಆ ಹಬ್ಬ ಮಸುಕಾದ ಮೇಲೆ 19ನೆಯ ಶತಮಾನದಲ್ಲಿ ಹನ್ನೆರಡು ದಿನ ಹಿಂದಕ್ಕೆ ಸರಿದು ಕ್ರಿಸ್‌ಮಸ್ ಕೇಕಾಯಿತು. ಯಾವುದು ಅನಾದಿ ಎಂದು ನಾವು ಭಾವಿಸುತ್ತೇವೆಯೋ ಅದಕ್ಕೆ ನಮ್ಮ ರೈಲುಗಾಡಿಯಷ್ಟೇ ವಯಸ್ಸು!

ಹಬ್ಬಕ್ಕೇ ಕುತ್ತು ಬಂದ ಕಾಲವೂ ಇತ್ತು. ಕ್ರಿಸ್‌ಮಸ್ಸಿನ ಉಂಡಾಟ ಭಕ್ತಿಗೆ ವಿರುದ್ಧವೆಂದು 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಬ್ಬವನ್ನೇ ರದ್ದುಮಾಡಿತು; 1660ರಲ್ಲಿ ಅರಸು ಮರಳಿದ ಮೇಲೆಯೇ ಅದು ಮರಳಿದುದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗು ದಂಡ. ಹುಮನಾಬಾದಿಗೆ ಹಬ್ಬ ಬಂದುದು ಅದೇ ಅಮೆರಿಕದಿಂದ ಎಂಬುದು ಚರಿತ್ರೆಯ ಒಂದು ತಮಾಷೆ.

ಹುಗ್ಗಿಯ ಬಳಗ ಇಂಗ್ಲೆಂಡಿಗೆ ಮುಗಿಯುವುದಿಲ್ಲ. ಯುಕ್ರೇನಿನಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹನ್ನೆರಡು ಬಗೆಯ ಅಡಿಗೆ ಮಾಡುತ್ತಾರೆ. ಎಲ್ಲಕ್ಕೂ ಮೊದಲು ಬಾಯಿಗಿಡಬೇಕಾದುದು ಕುತ್ಯಾ. ಬೇಯಿಸಿದ ಇಡಿಗೋಧಿ, ಜೇನು, ಅರೆದ ಗಸಗಸೆ. ಹಿಂದೆ ಮನೆಯ ಯಜಮಾನ ಒಂದು ಚಮಚ ಕುತ್ಯಾವನ್ನು ಮಾಡಿಗೆ ಎಸೆಯುತ್ತಿದ್ದನಂತೆ. ಅದು ಅಂಟಿಕೊಂಡರೆ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆಂದು ನಂಬಿಕೆ. 2023ರಿಂದ ಆ ದೇಶ ತನ್ನ ಕ್ರಿಸ್‌ಮಸ್ ರಜೆಯನ್ನು ಜನವರಿ 7ರಿಂದ ಡಿಸೆಂಬರ್ 25ಕ್ಕೆ ತಂದುಕೊಂಡಿತು. ದಿನ ಬದಲಾಯಿತು, ಗೋಧಿ ಬದಲಾಗಲಿಲ್ಲ. ಯೇಸು ಹುಟ್ಟಿದ ಸೀಮೆಯಲ್ಲೇ, ಪ್ಯಾಲೆಸ್ತೀನಿನ ಕ್ರೈಸ್ತರು ಡಿಸೆಂಬರಿನ ಸಂತ ಬಾರ್ಬರಾ ಹಬ್ಬಕ್ಕೆ ಬುರ್ಬಾರಾ ಮಾಡುತ್ತಾರೆ. ಅದೂ ಹೊಟ್ಟು ತೆಗೆದ ಗೋಧಿಯೇ. ಸಕ್ಕರೆ, ದಾಲ್ಚಿನ್ನಿ, ಸೋಂಪು, ಒಣದ್ರಾಕ್ಷಿ. ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಅರ್ಥ.

ಬೇರೆ ನಾಡುಗಳ ತಿನಿಸುಗಳನ್ನು ನೋಡಿದರೂ ಕತೆ ಇದೇ: ಕೈಗೆ ಸಿಕ್ಕಿದುದರಿಂದ ಹಬ್ಬ. ಜರ್ಮನಿಯ ಡ್ರೆಸ್ಡನ್ ನಗರದ ಸ್ಟೊಲೆನ್ ಎಂಬ ರೊಟ್ಟಿಯ ಉಲ್ಲೇಖ 1474ರ ಆಸ್ಪತ್ರೆಯ ಲೆಕ್ಕಪತ್ರವೊಂದರಲ್ಲಿದೆ. ಅದು ಉಪವಾಸದ ದಿನಗಳ ತಿನಿಸಾದುದರಿಂದ ಬೆಣ್ಣೆ ನಿಷಿದ್ಧ, ಬರಿಯ ಎಣ್ಣೆ. ತಿನ್ನಲಾರದೆ ಅಲ್ಲಿಯ ದೊರೆಗಳು ಪೋಪರಿಗೆ ಅರ್ಜಿ ಬರೆದರು. 1491ರಲ್ಲಿ ಎಂಟನೆಯ ಇನೋಸೆಂಟ್ ಪೋಪರು ಬೆಣ್ಣೆಗೆ ಅಪ್ಪಣೆ ಕೊಟ್ಟರು. ತುಪ್ಪಕ್ಕಾಗಿ ಧರ್ಮಪೀಠದವರೆಗೆ ಹೋದವರ ಬಗ್ಗೆ ನಮ್ಮ ಕಡೆಯವರಿಗೆ ಗೌರವ ಮೂಡದಿರದು. ಜಪಾನಿನಲ್ಲಿ 1974ರಲ್ಲಿ ಒಂದು ಅಮೆರಿಕನ್ ಕಂಪನಿ ಜಾಹೀರಾತು ಮಾಡಿದಂದಿನಿಂದ ಕ್ರಿಸ್‌ಮಸ್ಸೆಂದರೆ ಕರಿದ ಕೋಳಿ. ಅಂಗಡಿಯಲ್ಲಿ ಮೊದಲೇ ಹೇಳಿಡದಿದ್ದರೆ ಸಿಗುವುದಿಲ್ಲವಂತೆ. ಐವತ್ತು ವರ್ಷ ಸಾಕು, ಜಾಹೀರಾತೂ ಸಂಪ್ರದಾಯವಾಗುತ್ತದೆ.

ನಮ್ಮ ನಾಡಿಗೆ ಹತ್ತಿರದ ಉದಾಹರಣೆ ತಲಶ್ಶೇರಿಯದು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬ ತಾನು ತಂದ ಕೇಕಿನ ತುಣುಕನ್ನು ಬಿಸ್ಕತ್ತಿನ ಕಾರ್ಖಾನೆಯ ಮಾಂಬಳ್ಳಿ ಬಾಪು ಅವರಿಗೆ ತೋರಿಸಿ, ಇಂಥದನ್ನು ಮಾಡಿಕೊಡೆಂದು ಕೇಳಿದನೆಂದೂ, ಬಾಪು ವಿಲಾಯಿತಿ ಬ್ರಾಂದಿಯ ಬದಲು ನಾಡ ಮದ್ಯವನ್ನು ಹಾಕಿ ಕೇಕು ಬೇಯಿಸಿದರೆಂದೂ ಹೇಳುತ್ತಾರೆ. ಸಾಹೇಬನಿಗೆ ಮೆಚ್ಚುಗೆಯಾಗಿ ಹತ್ತಾರು ಕೇಕುಗಳಿಗೆ ಹೇಳಿಕೆ ಕೊಟ್ಟನಂತೆ. ನಮ್ಮ ಮಿತ್ರರ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಮೆಥಡಿಸ್ಟರು ಮದ್ಯವರ್ಜನೆಯಲ್ಲಿ ಬಿಗಿಯಾದವರು. 1869ರಲ್ಲಿ ಅಮೆರಿಕದ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ, ಆರಾಧನೆಯಲ್ಲಿ ಬಳಸುವ ದ್ರಾಕ್ಷಾರಸ ಹುಳಿಯೇರದಂತೆ ಕುದಿಸಿ ಸೀಸೆಯಲ್ಲಿ ತುಂಬುವ ಉಪಾಯವನ್ನೇ ಕಂಡುಹಿಡಿದ.

ಹುಡುಗಿಯ ಪ್ರಬಂಧದ ಟರ್ಕಿ ಕೋಳಿಯ ಕತೆ ಇನ್ನೂ ಸ್ವಾರಸ್ಯವಾದುದು. ಅದು ಮೆಕ್ಸಿಕೋದ ಹಕ್ಕಿ. 16ನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ತಂದರು. ಇಂಗ್ಲಿಷರು ಅದನ್ನು ತುರ್ಕಿಯದೆಂದು ತಿಳಿದರು. ಫ್ರೆಂಚರು ಇಂಡಿಯಾದ್ದೆಂದು ತಿಳಿದು ‘ದ್ಯಾಂದ್’ ಎಂದರು. ತುರ್ಕಿಯವರು ‘ಹಿಂದಿ’ ಎಂದು ಕರೆದರು. ನಿಜವಾಗಿ ಹಿಂದೂಸ್ತಾನಕ್ಕೆ ಬಂದಾಗ ಅದು ವಿಚಿತ್ರ ಪ್ರಾಣಿಯಾಗಿತ್ತು. 1612ರಲ್ಲಿ ಗೋವೆಯಿಂದ ತರಿಸಿದ ಒಂದನ್ನು ಕಂಡು ಜಹಾಂಗೀರ ಬಾದಶಹ ಬೆರಗಾಗಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ಚಿತ್ರಗಾರ ಮನ್ಸೂರನಿಂದ ಅದರ ಚಿತ್ರ ಬರೆಸಿದ. ಹೀಗೆ ಯಾವ ಊರಿಗೂ ಸೇರದ ಹಕ್ಕಿ ಹುಮನಾಬಾದಿನ ಹುಡುಗಿಯ ಪುಸ್ತಕದಲ್ಲಿ ಬಂದು ಕುಳಿತಿತ್ತು.

ಕೆಂಪು ಜೋಳದ ವರ್ಷ

ಕ್ರಿಸ್‌ಮಸ್ಸಿನ ಮುನ್ನಾದಿನ ಮಧ್ಯಾಹ್ನವೇ ಗೋಧಿಯ ಕೆಲಸ ಆರಂಭವಾಗಿತ್ತು. ಗೋಧಿಗೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡಬೇಕು. ಬಳಿಕ ಒರಳಲ್ಲಿ ಹಗುರವಾಗಿ ಕುಟ್ಟಬೇಕು. ಹೊಟ್ಟು ಬಿಡಬೇಕು, ಕಾಳು ಒಡೆಯಬಾರದು. ಈಗ ಕುಟ್ಟಿದ ಗೋಧಿ ಅಂಗಡಿಯಲ್ಲೇ ದೊರೆಯುತ್ತದೆ. ಆದರೆ ಅಜ್ಜಿಗೆ ಆ ಗೋಧಿಯ ಮೇಲೆ ವಿಶ್ವಾಸವಿಲ್ಲ. ಮೊರದಲ್ಲಿ ಕೇರಿ, ರಾತ್ರಿ ನೆನೆಹಾಕಿ, ಬೆಳಗಿನ ಜಾವ ಒಲೆಯ ಮೇಲಿಟ್ಟರೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಬೇಕು. ಕಾಳು ಅರಳಿದ ಮೇಲೆಯೇ ಬೆಲ್ಲ. ಮೊದಲೇ ಹಾಕಿದರೆ ಗೋಧಿ ಬಿಗಿದು ನಿಲ್ಲುತ್ತದೆ. ಆಮೇಲೆ ಒಣಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ, ಜಾಜಿಕಾಯಿ, ದ್ರಾಕ್ಷಿ. ಬಡಿಸುವಾಗ ಕಾದ ಹಾಲು, ತುಪ್ಪ.

ರಾತ್ರಿ ನಾವು ಆರಾಧನೆಗೆ ಹೋಗಿ ಬಂದೆವು. ಹಾರ್ಮೋನಿಯಂ, ತಬಲ, ಕನ್ನಡದ ಹಾಡು. ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದ ಮುದುಕರು. ಮರಳಿ ಬಂದಾಗ ಅಜ್ಜಿ ನಿದ್ರೆ ಬಾರದೆ ಕರ್ಚಿಕಾಯಿಯ ಅಂಚು ಮಡಿಸುತ್ತಿದ್ದರು. ಗೋವೆಯ, ಮಂಗಳೂರಿನ ಕ್ಯಾಥೊಲಿಕರು ಕ್ರಿಸ್‌ಮಸ್ಸಿಗೆ ಮಾಡುವ ಕುಸ್ವಾರ್ ತಟ್ಟೆಯಲ್ಲಿ ಇದೇ ಕರ್ಚಿಕಾಯಿ ನೆವ್ರಿ ಎಂಬ ಹೆಸರಿನಿಂದ ಕುಳಿತಿರುತ್ತದೆಂದು ನನ್ನ ಪತ್ನಿ ಹೇಳಿದಾಗ ಅವರು ಕೈ ನಿಲ್ಲಿಸಿ, “ಹೌದೇನ್ರಿ? ಅವರೂ ಮಾಡತಾರ?” ಎಂದರು. ನಾನು ಫ್ರುಮೆಂಟಿಯ ಕತೆಯನ್ನೂ ಯುಕ್ರೇನಿನ ಕುತ್ಯಾದ ಕತೆಯನ್ನೂ ಹೇಳಿದೆ. ಗಸಗಸೆಯ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೆಲ್ಲಗೆ ಒಂದು ನೆನಪನ್ನು ಹೇಳಿದರು.

1972ರ ಬರಗಾಲ. ಅವರು ಮದುವೆಯಾಗಿ ಬಂದ ಮರುವರ್ಷ. ಕರ್ನಾಟಕದ ಉತ್ತರ ಭಾಗಕ್ಕೂ ಮಹಾರಾಷ್ಟ್ರಕ್ಕೂ ಅಂದು ಮಳೆ ಕೈಕೊಟ್ಟಿತ್ತು. ಬಾವಿಗಳು ಬತ್ತಿದ್ದವು. ಹಗಲೆಲ್ಲ ರಸ್ತೆಯ ಕಾಮಗಾರಿಯಲ್ಲಿ ಜಲ್ಲಿ ಒಡೆಯುವುದು. ಪಡಿತರದಲ್ಲಿ ಸಿಗುತ್ತಿದ್ದುದು ಹೊರದೇಶದ ಮೈಲೋ, ಅಂದರೆ ಕೆಂಪು ಜೋಳ. ಅದರ ರೊಟ್ಟಿ ಬಡಿದರೆ ಹರಿಯುತ್ತಿತ್ತು. ಕ್ರಿಸ್‌ಮಸ್ಸು ಬಂದಿತು. ಮನೆಯಲ್ಲಿ ಒಂದು ಹಿಡಿ ಗೋಧಿಯಿಲ್ಲ. ಅತ್ತೆಯವರು ಆ ಕೆಂಪು ಜೋಳವನ್ನೇ ಒರಳಿಗೆ ಹಾಕಿ ಕುಟ್ಟಿ, ಇದ್ದ ಒಂದು ಅಚ್ಚು ಬೆಲ್ಲದಲ್ಲಿ ಹುಗ್ಗಿ ಮಾಡಿದರಂತೆ. ಹಾಲಿಲ್ಲ, ತುಪ್ಪವಿಲ್ಲ. ಒಂಬತ್ತು ಜನಕ್ಕೆ ಒಂದೊಂದು ಸೌಟು.

“ಹಬ್ಬಕ್ಕ ಹುಗ್ಗಿ ಆಗಲೇಬೇಕು ಅಂದಳು ನಮ್ಮತ್ತಿ. ಹುಗ್ಗಿ ಇಲ್ಲಾಂದ್ರ ಹಬ್ಬ ಎಲ್ಲಿಂದ ಬಂತು ಅಂದಳು.”

ಹುಡುಗಿ ಬಾಗಿಲಿಗೆ ಒರಗಿ ಕೇಳುತ್ತ ನಿಂತಿದ್ದಳು. ಈ ಕತೆಯನ್ನು ಅವಳು ಅಂದೇ ಮೊದಲು ಕೇಳಿದುದೆಂದು ಅವಳ ಮುಖವೇ ಹೇಳುತ್ತಿತ್ತು. ಇದನ್ನು ಯಾಕೆ ಇಷ್ಟು ದಿನ ಹೇಳಲಿಲ್ಲವೆಂದು ಕೇಳಿದಳು. “ಹೇಳೂದಕ್ಕ ಏನದ ಅದರಾಗ?” ಎಂದರು ಅಜ್ಜಿ.

ಹಬ್ಬದ ದಿನ ಮನೆಯಿಂದ ಮನೆಗೆ ಬಟ್ಟೆ ಮುಚ್ಚಿದ ತಟ್ಟೆಗಳು ಓಡಾಡಿದವು. ಪಕ್ಕದ ಮನೆಯ ಮುಸಲ್ಮಾನ ಹಿರಿಯರೊಬ್ಬರು ಬಂದು, ಉರ್ದುವಿನಲ್ಲಿ, ‘ಬಡಾ ದಿನ್’ ಶುಭವಾಗಲೆಂದು ಹರಸಿದರು. ಹೈದರಾಬಾದಿನ ಆಳಿಕೆಯ ಕಾಲದ ಮಾತು. ದೊಡ್ಡ ದಿನವೆಂಬ ಈ ಹೆಸರಿನಷ್ಟು ಒಪ್ಪುವ ಹೆಸರು ಕ್ರಿಸ್‌ಮಸ್ಸಿಗೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ತಟ್ಟೆಯನ್ನು ಯಾರೂ ಬರಿದಾಗಿ ಮರಳಿಸಲಿಲ್ಲ. ಒಬ್ಬರು ಸಕ್ಕರೆ ಹಾಕಿ ಕಳಿಸಿದರು, ಒಬ್ಬರು ಹೊಲದ ಹಸಿ ಕಡಲೆಯ ಸೂಡು. ಮಧ್ಯಾಹ್ನ ಜೋಳದ ರೊಟ್ಟಿ, ಮಾಂಸದ ಪಲಾವು, ಕೊನೆಗೆ ಹುಗ್ಗಿ. ನಮ್ಮ ಕೇಕಿನ ಪುಡಿಗೂ ಗತಿ ದೊರೆಯಿತು. ಅಜ್ಜಿ ಅದಕ್ಕೆ ಕಾದ ಹಾಲು ಸುರಿದು, ಚಮಚ ಹಾಕಿ ಎಲ್ಲರಿಗೂ ಬಡಿಸಿದರು. ಫ್ರುಮೆಂಟಿಯಿಂದ ಹೊರಟು ಐದಾರು ಶತಮಾನ ನಡೆದು ಕೇಕಾದುದು ಹುಮನಾಬಾದಿನಲ್ಲಿ ಮತ್ತೆ ಗಂಜಿಯಾಯಿತು. ರುಚಿಯಾಗಿಯೂ ಇತ್ತು.

ಸೋಮೇಶ್ವರನ ಅಡಿಗೆಮನೆ

26ರ ಬೆಳಿಗ್ಗೆ ಹುಡುಗಿಯನ್ನೂ ಕರೆದುಕೊಂಡು ಬಸವಕಲ್ಯಾಣಕ್ಕೆ ಹೊರಟೆವು. ಸುಮಾರು ಮೂವತ್ತು ಕಿಲೋಮೀಟರಿನ ದಾರಿ. ದೂರದಿಂದಲೇ ಕಾಣುವುದು 2012ರಲ್ಲಿ ನಿಲ್ಲಿಸಿದ 108 ಅಡಿಯ ಬಸವಣ್ಣನವರ ಪ್ರತಿಮೆ. ಬಸವಣ್ಣನವರು ಬಿಜ್ಜಳನ ಮಂತ್ರಿಯಾಗಿದ್ದ ಊರು, ಶರಣರು ಕೂಡಿ ಉಂಡ ಊರು. ಯಾರು ಯಾರ ಮನೆಯಲ್ಲಿ ಉಣ್ಣಬಹುದೆಂಬ ಪ್ರಶ್ನೆಗೆ ಇಷ್ಟು ದೊಡ್ಡ ಬೆಲೆ ತೆತ್ತ ಊರು ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ತ್ರಿಪುರಾಂತಕ ಕೆರೆಯನ್ನೂ ಕೋಟೆಯನ್ನೂ ನೋಡಿದೆವು. ಕೋಟೆಯ ಬುರುಜು, ಬಾಗಿಲುಗಳೆಲ್ಲ ಬಹುಮಟ್ಟಿಗೆ ಸುಲ್ತಾನರ, ನವಾಬರ ಕಾಲದವು. ಚಾಲುಕ್ಯರ ರಾಜಧಾನಿಯನ್ನು ಹುಡುಕುವವನು ಗೋಡೆಯಲ್ಲಿ ಸೇರಿಹೋದ ಕೆತ್ತನೆಯ ಕಲ್ಲುಗಳಲ್ಲಿ ಹುಡುಕಬೇಕು, ಇಲ್ಲವೆ ಹತ್ತಿರದ ನಾರಾಯಣಪುರದ ಗುಡಿಗೆ ಹೋಗಬೇಕು. ಹುಮನಾಬಾದಿನ ಸಮೀಪದ ಜಲಸಂಗ್ವಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಕೆತ್ತುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ.

ಆ ವಿಕ್ರಮಾದಿತ್ಯನ ಮಗನೇ ನನ್ನನ್ನು ಕಲ್ಯಾಣಕ್ಕೆ ಎಳೆದುತಂದವನು. ಮೂರನೆಯ ಸೋಮೇಶ್ವರ, 1126ರಿಂದ 1138ರವರೆಗೆ ಇಲ್ಲಿಂದ ಆಳಿದ. ತಂದೆ ಕತ್ತಿಯಿಂದ ಗಳಿಸಿದ. ಮಗ ಕುಳಿತು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಬರೆದ. ಅರಸನಾದವನು ಏನನ್ನು ತಿಳಿದಿರಬೇಕು, ಏನನ್ನು ಅನುಭವಿಸಬೇಕು ಎಂಬುದಕ್ಕೆ ಅದೊಂದು ವಿಶ್ವಕೋಶ. ಅದರ ಅನ್ನಭೋಗ ಪ್ರಕರಣದಲ್ಲಿ ಅಡಿಗೆಯ ಮಾತು ಬರುತ್ತದೆ. ಉದ್ದಿನ ಇಡ್ಡರಿಕಾ, ದೋಸಕ, ವಟಕಗಳ ಜೊತೆಗೆ ಗೋಧಿಯ ತಿನಿಸುಗಳೂ ಇವೆ: ಮಂಡಕ, ಪೋಲಿಕಾ, ಕಾಸಾರ. ಗೋಧಿಯನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪು ಸೇರಿಸಿ ನಾದಿ, ಕಾದ ಮಡಕೆಯ ಮೇಲೆ ತೆಳ್ಳಗೆ ಹರಡಿ ಬೇಯಿಸುವ ವಿಧಾನವನ್ನು ಆ ಅರಸ ಅಡಿಗೆಯವನಿಗಿಂತ ಸಾವಧಾನವಾಗಿ ವಿವರಿಸುತ್ತಾನೆ. ಮಂಡಕವೆಂದರೆ ಇಂದಿನ ಮಂಡಿಗೆ. ಪೋಲಿಕಾ ಎಂದರೆ ಹೋಳಿಗೆ. ಮಾಂಸದ ಅಡಿಗೆಗಳೂ ಧಾರಾಳವಾಗಿವೆ. ಅವುಗಳ ಪಟ್ಟಿ ಕೊಟ್ಟರೆ ಕೆಲವು ಓದುಗರು ಪತ್ರ ಬರೆದಾರು, ಬಿಟ್ಟಿದ್ದೇನೆ.

ಕೋಟೆಯ ಮೇಲಿನ ಬಿಸಿಲಲ್ಲಿ ಕುಳಿತು, ಅಜ್ಜಿ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಬಿಚ್ಚಿ, ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ತಾರೀಖುಗಳನ್ನು ಕೇಳಿ ಬೆರಳಲ್ಲಿ ಲೆಕ್ಕ ಹಾಕಿದಳು.

“ಅಂದರೆ ಹೋಳಿಗೆ ಸ್ಟೊಲೆನ್ನಿಗಿಂತ ಮುನ್ನೂರು ವರ್ಷ ದೊಡ್ಡದು.”

“ಪುಸ್ತಕದಲ್ಲಿ ಕಾಣಿಸಿಕೊಂಡ ಲೆಕ್ಕದಲ್ಲಿ ಹೌದು.”

“ಹಾಗಾದರೆ ಪ್ರಬಂಧವನ್ನು ಮತ್ತೆ ಬರೆಯಬೇಕು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹುಗ್ಗಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?” ಎಂದು ಕೇಳಿದಳು. ಹುಗ್ಗಿ ಎಂದೇ ಬರೆ, ಅವರು ಪುಡಿಂಗ್ ಎಂಬುದನ್ನು ಕನ್ನಡ ಮಾಡಿಕೊಟ್ಟಿದ್ದಾರೆಯೇ, ಎಂದೆ. ಅಂಕ ಕಡಿಮೆಯಾದರೆ? ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ; ಅಂಕ ಕೊಡುವವನು ನಾನಲ್ಲವಲ್ಲ.

ಸಂಜೆ ಮನೆಗೆ ಮರಳಿದಾಗ ಅವಳು ಅಜ್ಜಿಯ ಎದುರು ಪೆನ್ಸಿಲು ಹಿಡಿದು ಕುಳಿತಳು. ಗೋಧಿ ಎಷ್ಟು? ಬೆಲ್ಲ ಎಷ್ಟು? “ಅಳತಿ ಎಲ್ಲಿಂದ ಬಂತು? ಕೈಯಾಗ ಅದ ಅಳತಿ” ಎಂದು ಅಜ್ಜಿ ಬೊಗಸೆ ತೋರಿಸಿದರು. ಹುಡುಗಿ ಬಿಡಲಿಲ್ಲ. ಅಜ್ಜಿಯ ಬೊಗಸೆಯಿಂದ ಗೋಧಿಯನ್ನು ಅಂಗಡಿಯ ತಕ್ಕಡಿಗೆ ಹಾಕಿಸಿ ತೂಗಿಸಿದಳು. ಮೂರು ಸಲ ತೂಗಿದಾಗ ಮೂರು ಬೇರೆ ಬೇರೆ ತೂಕ ಬಂದಿತು. ಮೂರನ್ನೂ ಬರೆದುಕೊಂಡಳು. ಪುಟದ ಕೆಳಗೆ, ಕೆಂಪು ಜೋಳವಾದರೆ ಇನ್ನೂ ಹೆಚ್ಚು ಹೊತ್ತು ಬೇಯಬೇಕೇ ಎಂದು ಕೇಳಿ ಅದನ್ನೂ ಬರೆದಳು.

ಮರುದಿನ ಹೊರಡುವಾಗ ಅಜ್ಜಿ ನನ್ನ ಪತ್ನಿಯ ಕೈಗೆ ಒಂದು ಚೀಲ ಕೊಟ್ಟರು. ಒಳಗೆ ತಾವೇ ಕುಟ್ಟಿದ ಎರಡು ಸೇರು ಗೋಧಿ, ಒಂದು ಅಚ್ಚು ಬೆಲ್ಲ, ಕಾಗದದಲ್ಲಿ ಸುತ್ತಿದ ಗಸಗಸೆ. ರೈಲಿನಲ್ಲಿ ಚೀಲವನ್ನು ಎಲ್ಲಿಡಬೇಕೆಂದು ನಾನು ಬಹಳ ಯೋಚಿಸಿ, ಮೇಲಿನ ಮಣೆಗೆ ಏರಿಸಹೊರಟೆ. “ಕೆಳಗೇ ಇರಲಿ ಬಿಡಿ” ಎಂದಳು ನನ್ನ ಪತ್ನಿ, “ಇದರ ಮೇಲೆ ಯಾರು ಕುಳಿತರೂ ಚಿಂತೆಯಿಲ್ಲ.”